ಕೇಸಿಲ್ಲ, ಆದರೂ ಹಣ ಜಪ್ತಿ

ಪ್ರಶ್ನೆ: ಅಮೆರಿಕದಲ್ಲಿ ಹಳೇ ಕಾರು ಕೊಳ್ಳಲು ಮಗ ಒಯ್ಯುತ್ತಿದ್ದ ನಗದನ್ನು ಹೆದ್ದಾರಿಯಲ್ಲಿ ಪೊಲೀಸರು ಜಪ್ತಿ ಮಾಡಿದ್ದಾರೆ. ಅವನ ಮೇಲೆ ಕೇಸೇ ಇಲ್ಲ. ಹಣ ವಾಪಸ್ ಬರುತ್ತದೆಯೇ?

ಉತ್ತರ: ಗಡುವು ತಪ್ಪದಿದ್ದರೆ ಬರಬಹುದು. ಅಲ್ಲಿ ಇಂಥ ಜಪ್ತಿಯಲ್ಲಿ ಮೊಕದ್ದಮೆ ನಡೆಯುವುದು ಹಣದ ಮೇಲೆ, ಮನುಷ್ಯನ ಮೇಲಲ್ಲ. ಹಾಗಾಗಿ ಆರೋಪಪಟ್ಟಿಯೇ ಬೇಕಿಲ್ಲ. ಫೆಡರಲ್ (ಕೇಂದ್ರ ಸರ್ಕಾರದ) ಸಂಸ್ಥೆಯ ನೋಟಿಸ್ ಬಂದರೆ ಅದರಲ್ಲಿರುವ ಕೊನೆಯ ದಿನಾಂಕದೊಳಗೆ (ಸಾಮಾನ್ಯವಾಗಿ 35 ದಿನ) ಪ್ರಮಾಣಪೂರ್ವಕ ‘ಕ್ಲೇಮ್’ (ಹಣ ನನ್ನದೆಂಬ ಹಕ್ಕುಕೋರಿಕೆ) ಸಲ್ಲಿಸಲಿ. ಜನ ಎಡವುವುದು ಇಲ್ಲೇ: ಬರೀ ‘ಪಿಟಿಷನ್’ (ಹಣ ಬಿಟ್ಟುಕೊಡಿ ಎಂಬ ಮನವಿ) ಹಾಕಿದರೆ ತೀರ್ಮಾನಿಸುವುದು ಕೋರ್ಟಲ್ಲ, ಸರ್ಕಾರದ ಕಡೆಯವರೇ. ಕ್ಲೇಮ್ ಹಾಕಿದರೆ ಸಾಮಾನ್ಯವಾಗಿ 90 ದಿನದೊಳಗೆ ಸರ್ಕಾರ ಕೋರ್ಟಿಗೆ ಹೋಗಬೇಕು, ಇಲ್ಲವೇ ಹಣ ಬಿಡಬೇಕು. ಬ್ಯಾಂಕಿನಿಂದ ಹಣ ತೆಗೆದ ರಸೀದಿ, ಕಾರು ಮಾರುವವರ ಮೆಸೇಜುಗಳು ಜೋಪಾನ. ರಾಜ್ಯ ಕಾನೂನಿನಡಿ ಜಪ್ತಿಯಾಗಿದ್ದರೆ ಗಡುವು ಬೇರೆ. ನ್ಯೂ ಮೆಕ್ಸಿಕೋ ರಾಜ್ಯ, ಅಪರಾಧ ಸಾಬೀತಾಗದೆ ಹಣ ಕಸಿಯುವ ಈ ಪದ್ಧತಿಯನ್ನು 2015ರಲ್ಲೇ ಕೈಬಿಟ್ಟಿತು. ಸ್ಥಳೀಯ ಪೊಲೀಸರು ಫೆಡರಲ್ ಸಂಸ್ಥೆಯೊಂದಿಗೆ ಪಾಲುದಾರರಾದರೆ ಜಪ್ತಿ ಹಣದ ಶೇ 80ರವರೆಗೆ ಅವರಿಗೇ ಸೇರುತ್ತದೆ, ಇದು ಅನ್ಯಾಯಕ್ಕೆ ನೇರ ಆಮಿಷ. ಅಮೆರಿಕ ಸಂಸತ್ತಿನ ‘ಫೇರ್ ಆ್ಯಕ್ಟ್’ ಮಸೂದೆ ಕತ್ತರಿ ಹಾಕಲು ಹೊರಟಿರುವುದು ಇದಕ್ಕೇ.