ಕುರ್ಚಿಯಲ್ಲಿ ತೂಕಡಿಸಿದ ಚಿಕ್ಕಮ್ಮ

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ, ಅಮ್ಮನ ಮೇಲಂತೂ ಅಲ್ಲ.

ರಕ್ತದ ಕ್ಯಾನ್ಸರಿನಿಂದ ತಮ್ಮ ತೀರಿಕೊಂಡು ಎರಡು ವರ್ಷ. ಅವನ ಕೊನೆಯ ರಾತ್ರಿಯನ್ನು ನೀವು ಜಿಂಕ್ ಪ್ಲೇಟಿನ ಮೇಲೆ ಗೀರಿ, ಆಸಿಡ್ಡಿಗೆ ಇಳಿಸಿ, ಕಾಗದಕ್ಕೆ ಅಚ್ಚೊತ್ತಿ, ಎಚಿಂಗ್ ಮಾಡಿದ್ದೀರಿ. ಅದು ಪ್ರದರ್ಶನಕ್ಕೆ ಆಯ್ಕೆಯಾಗಿದೆ. ‘ನನ್ನ ಮಗ ಸತ್ತದ್ದನ್ನ ಗೋಡೆಗೆ ನೇತುಹಾಕಬೇಡ’ ಎಂದು ಅಮ್ಮ. ‘ಕಲಾವಿದ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ, ಎಡ್ವರ್ಡ್ ಮುಂಕ್ ಕೇಳಿದ್ದನಾ?’ ಎಂದು ನಿಮ್ಮ ಮೇಷ್ಟ್ರು, ಆ ಹಳೇ ಚಿತ್ರಕಾರನನ್ನು ಎಳೆದುತಂದು. ಚಿತ್ರದ ಪಕ್ಕ ತಮ್ಮನ ಕಾಯಿಲೆಯ ಕಥೆ ಬರೆದು ಅಂಟಿಸು, ಜನ ನಿಂತು ನೋಡ್ತಾರೆ ಎಂದೂ ಅವರೇ ಹೇಳಿಕೊಟ್ಟಿದ್ದಾರೆ. ಯಾರ ಮಾತು ಕೇಳಲಿ ಎನ್ನುವುದು ನಿಮ್ಮ ಪ್ರಶ್ನೆ.

ನನಗೆ ಮುಳ್ಳಿನಂತೆ ಚುಚ್ಚಿದ್ದು ಬೇರೆ. ಮೂರನೇ ಪುಟದಲ್ಲಿ ಒಂದೇ ಸಾಲು: ‘ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ ತೂಕಡಿಸುತ್ತಿರುವುದನ್ನೂ ತೋರಿಸಿದ್ದೇನೆ, ಕಂಪೋಸಿಷನ್‌ಗೆ ಬೇಕಿತ್ತು.’

ಕಂಪೋಸಿಷನ್‌ಗೆ ಬೇಕಿತ್ತಂತೆ! ಅಮ್ಮ ಊರಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದಾಗ ವಾರಗಟ್ಟಲೆ ಆಸ್ಪತ್ರೆಯಲ್ಲಿ ಕೂತವರು ಈ ಚಿಕ್ಕಮ್ಮ. ಆ ಒಂದು ರಾತ್ರಿ ಕಣ್ಣು ಮುಚ್ಚಿತು, ಹುಡುಗ ಹೋದ. ಇದನ್ನು ಆಕೆ ಎರಡು ವರ್ಷದಿಂದ ಹೇಗೆ ಹೊತ್ತಿದ್ದಾರೋ. ಈಗ ಬಾಯಿ ತೆರೆದು ನಿದ್ದೆಹೋದ ಅವರ ಮುಖವನ್ನು ಬಂಧುಬಳಗವೆಲ್ಲ ನೋಡುತ್ತದೆ. ಅವರಿಗೆ ಪ್ರಿಂಟ್ ತೋರಿಸಿದ್ದೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಈ ಅಂಕಣದಲ್ಲಿ ಹೇಳಿ ಹೇಳಿ ನನಗೇ ಸಾಕಾಗಿದೆ: ರೋಗಿಯ ಪಕ್ಕ ರಾತ್ರಿ ಕೂತವರನ್ನು ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ಇನ್ನು ಮೇಷ್ಟ್ರ ಮುಂಕ್. ನಾರ್ವೆಯವನು, ಐದನೇ ವಯಸ್ಸಿಗೇ, 1868ರಲ್ಲಿ, ತಾಯಿಯನ್ನು ಕ್ಷಯಕ್ಕೆ ಕಳೆದುಕೊಂಡ. 1877ರಲ್ಲಿ ಹದಿನೈದರ ಅಕ್ಕ ಸೋಫಿಯೂ ಅದೇ ಕಾಯಿಲೆಗೆ ಹೋದಳು. ಅವಳ ನೆನಪಿನ ‘ಕಾಯಿಲೆಯ ಹುಡುಗಿ’ ಚಿತ್ರವನ್ನು ಬಣ್ಣದಲ್ಲಿ ಬರೆಯಲು ಕೂತದ್ದು ಎಂಟು ವರ್ಷದ ನಂತರ, 1885ರಲ್ಲಿ, ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿದ್ದು 1894ರಲ್ಲಿ. ದಿಂಬಿಗೊರಗಿದ ಹುಡುಗಿಗೆ ರೂಪದರ್ಶಿಯಾಗಿ ಕೂತವಳು ಬೇರೊಬ್ಬ ಹುಡುಗಿ. ಪಕ್ಕದಲ್ಲಿ ಕೂತಿರುವ ಹೆಂಗಸು ಕರೆನ್ ಎಂದೇ ನೋಡಿದವರು ಹೇಳುತ್ತಾ ಬಂದಿದ್ದಾರೆ. ಕರೆನ್ ಯಾರು ಗೊತ್ತೇ? ಅವನ ತಾಯಿಯ ತಂಗಿ. ಆ ತಾಯಿ ಸತ್ತ ಮೇಲೆ ಮಕ್ಕಳನ್ನು ಸಾಕಿದ ಚಿಕ್ಕಮ್ಮ, ಎಡ್ವರ್ಡನ ಚಿತ್ರದ ಹುಚ್ಚಿಗೆ ಬೆಂಬಲವಾಗಿ ನಿಂತವಳು. ಆಕೆಯ ತಲೆ ಪೂರ್ತಿ ಬಗ್ಗಿದೆ, ನಮಗೆ ಕಾಣುವುದು ನೆತ್ತಿ ಮಾತ್ರ. ಈ ಚಿತ್ರದಲ್ಲಿ ತನ್ನ ಚಿಕ್ಕಮ್ಮನ ಮುಖವನ್ನು ಅವನು ನಮಗೆ ಕೊಡಲೇ ಇಲ್ಲ. 1886ರಲ್ಲಿ ವರ್ಣಚಿತ್ರವನ್ನು ಮೊದಲು ಪ್ರದರ್ಶನಕ್ಕಿಟ್ಟಾಗ ಹೆಸರು ಬರೀ ‘ಅಭ್ಯಾಸಚಿತ್ರ’. ಜನ ನಕ್ಕರು, ನಗಲಿ ಬಿಡಿ. ಗೋಡೆಗೆ ಅಕ್ಕನ ಕಾಯಿಲೆಯ ಕಥೆ ಅಂಟಿಸಿ ಕರುಣೆ ಬೇಡಲಿಲ್ಲವಲ್ಲ. ನಿಮ್ಮ ಮೇಷ್ಟ್ರಿಗೆ ಮುಂಕ್‌ನ ಹೆಸರು ಗೊತ್ತು, ಚಿತ್ರವನ್ನು ಸರಿಯಾಗಿ ನೋಡಿದಂತಿಲ್ಲ.

ಅಮ್ಮನ ಸಂಕಟ ನಿಜ, ಆದರೆ ಅವರು ಬೇಡ ಅಂತ ಬಾಯಿಬಿಟ್ಟು ಹೇಳಿಯಾದರೂ ಆಗಿದೆ. ಚಿಕ್ಕಮ್ಮನಿಗೆ ಆ ಅವಕಾಶವೂ ಸಿಕ್ಕಿಲ್ಲ.

ಆದ್ದರಿಂದ ಮಾಡಬೇಕಾದ್ದು ಒಂದೇ ಕೆಲಸ. ಪ್ರಿಂಟನ್ನು ಫ್ರೇಮ್ ಹಾಕಿಸದೆ ಚಿಕ್ಕಮ್ಮನ ಮನೆಗೆ ತೆಗೆದುಕೊಂಡು ಹೋಗಿ. ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿ ಕೈತೊಳೆದುಕೊಳ್ಳಬೇಡಿ. ಕಲೆಯ ಭಾಷಣವೂ ಬೇಡ. ಅವರು ಅತ್ತರೆ ಅಳಲಿ, ಬೈದರೆ ಬೈಸಿಕೊಳ್ಳಿ. ಮುಖ ಬೇಡ ಎಂದರೆ ಪ್ಲೇಟಿನ ಆ ಜಾಗವನ್ನು ಹೆರೆದು ಉಜ್ಜಿ ಮತ್ತೆ ಗೀರಬಹುದು, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚಿತ್ರವೇ ಬೇಡ ಎಂದರೆ ಈ ಪ್ರದರ್ಶನ ಬಿಡಿ. ಮುಂಕ್ ಆ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಾ ನಲವತ್ತು ವರ್ಷ ಕಳೆದ. ನಿಮಗಿನ್ನೂ ಎರಡೇ ವರ್ಷ.

ಚಿಕ್ಕಮ್ಮನ ಮಾತು ಮುಗಿಯುವ ತನಕ ಮೇಷ್ಟ್ರ ಫೋನ್ ಎತ್ತಬೇಡಿ.