ಇಟಾಲಿಯನ್ ಕ್ರಿಯಾಪದಗಳ ಟೇಬಲ್‌ಗಳನ್ನು ಯಾವ ಕ್ರಮದಲ್ಲಿ ಬಾಯಿಪಾಠ ಮಾಡಬೇಕು?

ಇಟಲಿಯ ತೊರಿನೊಗೆ ಹೊರಟಿರುವ ನೀವು ಕಳಿಸಿದ ಪ್ರಶ್ನೆ ಇದು. ಮೊದಲು ರೆಗ್ಯುಲರ್ ಕ್ರಿಯಾಪದಗಳನ್ನು ಎಲ್ಲ ಕಾಲಗಳಲ್ಲೂ ಮುಗಿಸುತ್ತೀರಿ, ಆಮೇಲೆ ಇರ್‌ರೆಗ್ಯುಲರ್, ಕೊಂಜುಂತೀವೊ (ಊಹೆ, ಆಸೆ, ‘ಆದರೆ’ ಇಂಥವನ್ನು ಹೇಳುವ ರೂಪ) ಮತ್ತು ಕಂಡಿಷನಲ್ (‘ಮಾಡುತ್ತಿದ್ದೆ, ಮಾಡಿಯೇನು’ ಥರದ ರೂಪ) ಏನಿದ್ದರೂ ತೊರಿನೊಗೆ ಹೋದ ಮೇಲೆ. ಇದೇ ಅಲ್ವಾ ನಿಮ್ಮ ಪ್ಲಾನ್? ನಾನು ಅದೇ ಊರಿಗೆ ಮಾಸ್ಟರ್ಸ್ ಓದಲು ಹೋದಾಗ ಇದೇ ಪ್ಲಾನ್ ಇಟ್ಟುಕೊಂಡಿದ್ದೆ. ಅದರಿಂದ ನಮ್ಮ ರೂಮ್ ಹೋಯಿತು. ಉತ್ಪ್ರೇಕ್ಷೆ ಅಲ್ಲ, ನಿಜವಾಗಲೂ ರೂಮ್ ಹೋಯಿತು.

ಹೈಸ್ಕೂಲಿನಲ್ಲಿ ಮಾರ್ಕ್ಸ್ ಬರುತ್ತೆ ಅಂತ ಫಸ್ಟ್ ಲ್ಯಾಂಗ್ವೇಜ್ ಸಂಸ್ಕೃತ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ಪಠತಿ, ಪಠತಃ, ಪಠಂತಿ ಅಂತ ರಾಗವಾಗಿ ಒಪ್ಪಿಸಿದ ಬಾಯಿಗೆ ಪಾರ್ಲೊ, ಪಾರ್ಲಿ, ಪಾರ್ಲಾ (ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ) ಏನು ಕಷ್ಟ? ಪದದ ಕೊನೆ ನೋಡಿ ಕ್ರಿಯಾಪದಗಳನ್ನು ಮೂರು ಗುಂಪು ಮಾಡುತ್ತಾರೆ: ‘ಆರೆ’ ಗುಂಪಿಗೆ ಪರ್ಲಾರೆ (ಮಾತಾಡು), ‘ಎರೆ’ ಗುಂಪಿಗೆ ಕ್ರೇದೆರೆ (ನಂಬು), ‘ಇರೆ’ ಗುಂಪಿಗೆ ದೊರ್ಮೀರೆ (ಮಲಗು). ವರ್ತಮಾನ, ಇಂಪೆರ್ಫೆತ್ತೊ (‘ಆಗ ಮಾಡುತ್ತಿದ್ದೆ’ ಥರದ ಭೂತಕಾಲ), ಫುತೂರೊ (ಭವಿಷ್ಯತ್ಕಾಲ), ಎಲ್ಲವನ್ನೂ ಬೆಂಗಳೂರಿನಲ್ಲೇ ಉರು ಹೊಡೆದೆ. ಆಪ್‌ನಲ್ಲಿ ಎಲ್ಲ ಹಸಿರು ಟಿಕ್. ಕಂಡಿಷನಲ್ ಮೇಲೆ ಒಂದು ಸಲ ಕಣ್ಣಾಡಿಸಿದೆ. ಫುತೂರೊದ ಧಾತುವೇ ಅಲ್ಲೂ ಇದೆ, ಕೊನೆ ಮಾತ್ರ ಬೇರೆ. ಪುಕ್ಕಟೆ ಸಿಕ್ಕಿತು ಅಂದುಕೊಂಡು ಮುಂದೆ ಹೋದೆ.

ಈಗ ಆ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೆ ಕ್ಷಮಿಸಿ.

ನಾನು ಮತ್ತು ಶಿವಮೊಗ್ಗದ ಒಬ್ಬ ಗೆಳೆಯ ಒಂದು ಡಬಲ್ ರೂಮಿನಲ್ಲಿದ್ದೆವು. ಮನೆ ಓನರ್ ವಯಸ್ಸಾದ ಹೆಂಗಸು, ಒಂದು ಅಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ನಮಗೆ ಇನ್ನೂ ಸ್ವಲ್ಪ ದೊಡ್ಡ ಮನೆ ಸಿಕ್ಕಿದರೆ ಚೆನ್ನಾಗಿತ್ತು. ಸಿಕ್ಕಿದರೆ ಜೂನ್ ಕೊನೆಗೆ ಬಿಡುತ್ತಿದ್ದೆವು, ಸಿಗದಿದ್ದರೆ ಇಲ್ಲೇ ಇರುತ್ತಿದ್ದೆವು. ಇಷ್ಟನ್ನು ಅವರಿಗೆ ಮುಂಚೆಯೇ ತಿಳಿಸೋಣ ಅಂತ ವಾಟ್ಸಾಪ್ ಮಾಡಿದೆ. ಟ್ರಾನ್ಸ್‌ಲೇಟರ್ ಬಳಸಲಿಲ್ಲ. ನನಗೆ ಟೇಬಲ್ ಬರುತ್ತಲ್ಲ!

ಆ ‘ಸಿಕ್ಕಿದರೆ’ ಇದೆಯಲ್ಲ, ಅದಕ್ಕೆ ಇಲ್ಲಿ ಬೇಕಾಗಿದ್ದು ಕೊಂಜುಂತೀವೊ ಇಂಪೆರ್ಫೆತ್ತೊ: ‘ಸೆ ತ್ರೊವಾಸ್ಸಿಮೊ’. ಅದು ‘ಅಡ್ವಾನ್ಸ್ಡ್’ ಅಂತ ಬದಿಗಿಟ್ಟಿದ್ದೆ. ಹಾಗಾಗಿ ವಾಕ್ಯವನ್ನು ಎರಡು ತುಂಡು ಮಾಡಿದೆ. ‘ಚೆರ್ಕ್ಯಾಮೊ ಉನ ಕಾಸಾ ಪ್ಯು ಗ್ರಾಂದೆ’, ಅಂದರೆ ದೊಡ್ಡ ಮನೆ ಹುಡುಕುತ್ತಿದ್ದೇವೆ. ಇದು ಸರಿ. ಎರಡನೇ ತುಂಡು: ‘ಲಶ್ಶೆರೇಮೊ ಲ ಸ್ತಾಂತ್ಸಾ ಅ ಫೀನೆ ಜೂನ್ಯೊ’. ನನ್ನ ತಲೆಯಲ್ಲಿ ಇದರ ಅರ್ಥ ‘ಜೂನ್ ಕೊನೆಗೆ ಬಿಡಬಹುದೇನೋ’. ಫೋನಿನಲ್ಲಿ ಹೋದದ್ದು ‘ಜೂನ್ ಕೊನೆಗೆ ರೂಮ್ ಬಿಡುತ್ತೇವೆ’.

ನೋಡಿ, ‘ಲಶ್ಶೆರೇಮೊ’ ಅಂದರೆ ಬಿಡುತ್ತೇವೆ, ಇದು ಫುತೂರೊ. ‘ಲಶ್ಶೆರೆಮ್ಮೊ’ ಅಂದರೆ ಬಿಡುತ್ತಿದ್ದೆವು, ಬಿಟ್ಟೇವು, ಇದು ಕಂಡಿಷನಲ್. ವ್ಯತ್ಯಾಸ ಒಂದೇ ಒಂದು ಎಂ. ಬೇರೆ ಪುರುಷಗಳಲ್ಲಿ ಈ ಗೊಂದಲ ಇಷ್ಟಿಲ್ಲ. ನಾನು ಅನ್ನುವಾಗ ಪರ್ಲೆರೊ, ಪರ್ಲೆರೇಯ್. ಅವನು ಅನ್ನುವಾಗ ಪರ್ಲೆರಾ, ಪರ್ಲೆರೆಬ್ಬೆ. ಕಿವಿಗೇ ಗೊತ್ತಾಗುತ್ತೆ. ‘ನಾವು’ ಅನ್ನುವ ಜಾಗದಲ್ಲಿ ಮಾತ್ರ ಎರಡೂ ಮೈಗೆ ಮೈ ತಾಗಿಸಿಕೊಂಡು ಕೂತಿವೆ. ನಾವು ಇಬ್ಬರಿದ್ದೆವು, ಹಾಗಾಗಿ ನನಗೆ ಬೇಕಾಗಿದ್ದೂ ಅದೇ ರೂಪ. ಎರಡೂ ಸರಿಯಾದ ಪದಗಳೇ ಆದ್ದರಿಂದ ಫೋನ್ ಕೆಂಪು ಗೆರೆಯನ್ನೂ ಎಳೆಯಲಿಲ್ಲ.

ತಮಾಷೆ ಏನೆಂದರೆ, ಈ ತಪ್ಪನ್ನು ಕನ್ನಡದವರು ಮಾಡಲೇಬಾರದು. ಕತೆ ಬೇರೆ, ಕತ್ತೆ ಬೇರೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಇಂಗ್ಲಿಷ್ ಮಾತ್ರ ಗೊತ್ತಿರುವ ನನ್ನ ಕ್ಲಾಸ್‌ಮೇಟ್‌ಗಳು ಒತ್ತು ಹಿಡಿಯಲು ಒದ್ದಾಡುತ್ತಿದ್ದರು. ನಾನು ಒಂದು ಸಲ ಜೋರಾಗಿ ಓದಿಕೊಂಡಿದ್ದರೂ ಸಾಕಿತ್ತು. ಆದರೆ ನಾನು ಟೇಬಲ್ ಕಲಿತದ್ದು ಕಣ್ಣಲ್ಲಿ, ಬೆರಳಲ್ಲಿ. ಆಪ್‌ನಲ್ಲಿ ನಾಲ್ಕು ಆಯ್ಕೆ ಕೊಡುತ್ತಾರೆ, ಸರಿಯಾದದ್ದನ್ನು ಒತ್ತಿದರೆ ಆಯಿತು. ಅಲ್ಲಿ ಫುತೂರೊ ಪಾಠದಲ್ಲಿ ಕಂಡಿಷನಲ್ ಆಯ್ಕೆ ಬರುವುದೇ ಇಲ್ಲ! ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನನ್ನನ್ನು ಕೇಳಿರಲೇ ಇಲ್ಲ.

ಓನರ್ ‘ವಾ ಬೇನೆ’ ಅಂತ ಉತ್ತರ ಕಳಿಸಿದರು. ಆಯ್ತು ಅಂತ. ಎಷ್ಟು ಒಳ್ಳೆಯವರು ಅಂದುಕೊಂಡೆವು. ಜೂನ್‌ನಲ್ಲಿ ಬಂದು ಕೀ ಯಾವ ದಿನ ಕೊಡುತ್ತೀರಿ ಅಂತ ಕೇಳಿದಾಗ ನಮಗೆ ಜೀವ ಬಾಯಿಗೆ ಬಂತು. ಅವರು ಮೆಸೇಜ್ ತೆಗೆದು ತೋರಿಸಿದರು. ಪೂಲ್ಯಾದಿಂದ ಬರುವ ಇಬ್ಬರು ಹುಡುಗರಿಗೆ ಆಗಲೇ ಮಾತು ಕೊಟ್ಟಾಗಿತ್ತು. ನೋಟಿಸ್ ಅಂದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರಬೇಕು, ಅದು ಇದು ಅಂತ ಜಗಳ ಆಡಬಹುದಿತ್ತೇನೋ. ಮುಖ ನೋಡಿ ಆಡಲು ಮನಸ್ಸು ಬರಲಿಲ್ಲ. ಬೇಸಿಗೆ ಪೂರ್ತಿ ಗೆಳೆಯರ ಹಾಲ್‌ನಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಕಳೆದೆವು. ಆಮೇಲೆ ಸಿಕ್ಕಿದ್ದು ಊರಾಚೆ ಮೊಂಕಾಲಿಯೇರಿ ಕಡೆ, ಬಾಡಿಗೆಯೂ ಜಾಸ್ತಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕ್ರಮ ಕೇಳಬೇಡಿ, ಆ ಪ್ಲಾನೇ ಬಿಡಿ. ‘ಮೊದಲು ರೆಗ್ಯುಲರ್, ಆಮೇಲೆ ಇರ್‌ರೆಗ್ಯುಲರ್’ ಅನ್ನುವುದು ಇಟಾಲಿಯನ್‌ನಲ್ಲಿ ನಡೆಯುವುದೇ ಇಲ್ಲ. ಲೆಕ್ಕ ಹಾಕಿ. ಇಂದಿಕಾತೀವೊದಲ್ಲಿ (ಇದ್ದದ್ದನ್ನು ಇದ್ದ ಹಾಗೆ ಹೇಳುವ ಮೂಡ್, ಅಂದರೆ ಕ್ರಿಯಾಪದದ ಧಾಟಿ) 8 ಕಾಲ, ಕೊಂಜುಂತೀವೊದಲ್ಲಿ 4, ಕಂಡಿಷನಲ್‌ನಲ್ಲಿ 2. ಒಟ್ಟು 14. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 7, ಜೋಡಿ ರೂಪಗಳು: ಒಂದು ಸಹಾಯಕ ಕ್ರಿಯಾಪದ, ಜೊತೆಗೆ ಪರ್ಲಾತೊ, ಕ್ರೆದೂತೊ, ದೊರ್ಮೀತೊ ಥರದ ಒಂದು ಪದ. ಆ ಸಹಾಯಕಗಳು ಯಾವುವು? ಅವೇರೆ (ಹೊಂದಿರು) ಮತ್ತು ಎಸ್ಸೆರೆ (ಇರು). ಎರಡೂ ಅಪ್ಪಟ ಇರ್‌ರೆಗ್ಯುಲರ್! ಅವು ಬರದೆ ‘ನಿನ್ನೆ ಮಾತಾಡಿದೆ’ ಅಂತ ಕೂಡ ಹೇಳಲು ಆಗಲ್ಲ. ಅವೆರಡನ್ನು ಏಳು ಸರಳ ಕಾಲಗಳಲ್ಲಿ ಕಲಿತರೆ ಉಳಿದ ಏಳು ತಾವಾಗಿಯೇ ಬರುತ್ತವೆ. ಆದ್ದರಿಂದ ಮೊದಲು ಅವು.

ಇನ್ನೊಂದು ಮೋಸ. ‘ಎರೆ’ ಗುಂಪಿಗೆ ಪುಸ್ತಕಗಳು ಪದೇ ಪದೇ ಕ್ರೇದೆರೆ, ವೇಂದೆರೆ, ತೆಮೇರೆಗಳನ್ನೇ ಯಾಕೆ ತೋರಿಸುತ್ತವೆ ಗೊತ್ತಾ? ಪೂರ್ತಿ ರೆಗ್ಯುಲರ್ ಆದವು ಆ ಗುಂಪಿನಲ್ಲಿ ಕಡಿಮೆ. ದಿನಾ ಬೇಕಾಗುವ ಪ್ರೇಂದೆರೆಗೆ (ತೆಗೆದುಕೋ) ಕ್ರೆದೂತೊ ಥರದ ಪದ ಪ್ರೇಸೊ, ಲೆಜ್ಜೆರೆಗೆ (ಓದು) ಲೆತ್ತೊ, ಸ್ಕ್ರೀವೆರೆಗೆ (ಬರೆ) ಸ್ಕ್ರಿತ್ತೊ. ಅವನ್ನು ಪದದ ಜೊತೆಗೇ ಕಲಿತುಬಿಡಿ. ‘ಆರೆ’ ಗುಂಪು ಮಾತ್ರ ನಂಬಿಕಸ್ಥ. ಹೊಸದಾಗಿ ಹುಟ್ಟುವ ಕ್ರಿಯಾಪದಗಳೂ ಅಲ್ಲಿಗೇ ಸೇರುತ್ತವೆ: ಗೂಗ್ಲಾರೆ, ಚಾತ್ತಾರೆ, ಪೊಸ್ತಾರೆ. ‘ಇರೆ’ಯಲ್ಲಿ ಕಪೀರೆ, ಫಿನೀರೆ, ಪ್ರೆಫೆರೀರೆಗಳಿಗೆ ನಡುವೆ ‘ಇಸ್ಕ್’ ಸೇರುತ್ತೆ (ಕಪೀಸ್ಕೊ), ನಾವು ಮತ್ತು ನೀವುಗಳಲ್ಲಿ ಸೇರಲ್ಲ. ಅದು ನಾಲ್ಕು ದಿನ ಬಳಸಿದರೆ ರೂಢಿಯಾಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಕೊಂಜುಂತೀವೊ ಅಲ್ಲಿ ಹೋದ ಮೇಲೆ ಅಂದಿರಲ್ಲ, ವಿಮಾನ ಇಳಿದ ಕೂಡಲೇ ನಿಮ್ಮ ಬಾಯಲ್ಲಿ ಬರುವ ‘ಸ್ಕೂಸಿ’ (ಕ್ಷಮಿಸಿ) ಏನು ಅಂದುಕೊಂಡಿದ್ದೀರಿ? ಅದೇ ಕೊಂಜುಂತೀವೊ. ಗುರುತಿಲ್ಲದವರಿಗೆ, ದೊಡ್ಡವರಿಗೆ ಅಲ್ಲಿ ‘ಲೇಯ್’ ಅಂತ ಮಾತಾಡಿಸಬೇಕು. ನಾವು ಗೌರವಕ್ಕೆ ಬಹುವಚನ ಹಾಕಿದರೆ ಅವರು ‘ಅವಳು’ ಅನ್ನುವ ರೂಪ ಹಾಕುತ್ತಾರೆ. (ಮುಸೊಲಿನಿಯ ಸರಕಾರ 1938ರಲ್ಲಿ ಲೇಯ್ ಬಿಟ್ಟು ‘ವೊಯ್’ ಅನ್ನಿ, ಅಂದರೆ ನಮ್ಮ ಹಾಗೆ ಬಹುವಚನ ಹಾಕಿ, ಅಂತ ಹೊರಟಿತ್ತು. ಉಳಿಯಲಿಲ್ಲ.) ಲೇಯ್‌ಗೆ ಏನಾದರೂ ಮಾಡಿ ಅಂತ ಹೇಳಬೇಕಾದರೆ ಕೊಂಜುಂತೀವೊನೇ ಗತಿ. ಇಲ್ಲಿ ಸ್ವರಗಳು ಅದಲುಬದಲಾಗುತ್ತವೆ. ‘ಕಾಯಿ’ ಅನ್ನಲು ಗೆಳೆಯನಿಗೆ ಅಸ್ಪೆತ್ತಾ, ಓನರ್‌ಗೆ ಅಸ್ಪೆತ್ತಿ. ‘ಕೇಳು’ ಅನ್ನಲು ಗೆಳೆಯನಿಗೆ ಸೆಂತಿ, ಓನರ್‌ಗೆ ಸೆಂತಾ. ‘ಆರೆ’ಯವರಿಗೆ ಇ ಬರುತ್ತೆ, ಉಳಿದವರಿಗೆ ಆ ಬರುತ್ತೆ. ಇದೊಂದು ಗೊತ್ತಿದ್ದರೆ ವರ್ತಮಾನದ ಕೊಂಜುಂತೀವೊ ಹೆಚ್ಚುಕಡಿಮೆ ಮುಗಿದ ಹಾಗೆ. ಗೊತ್ತಿಲ್ಲದಿದ್ದರೆ ಅಜ್ಜಿ ವಯಸ್ಸಿನವರಿಗೆ ‘ಏಯ್, ಕೇಳೇ ಇಲ್ಲಿ’ ಅಂದ ಹಾಗಾಗುತ್ತೆ. ವಿದೇಶಿ ಅಂತ ಬಿಡುತ್ತಾರೆ, ಆದರೂ.

ಅದಕ್ಕೇ ನನಗೆ ಸಂಸ್ಕೃತದ ಕ್ರಮವೇ ಸರಿ ಅನ್ನಿಸುತ್ತೆ. ಅಲ್ಲಿ ಟೇಬಲ್ ಶುರುವಾಗುವುದು ‘ಅವನು’ ಇಂದ. ಇಟಾಲಿಯನ್ ಪುಸ್ತಕಗಳು ‘ನಾನು’ ಇಂದ ಶುರುಮಾಡುತ್ತವೆ. ಹಾಗೆ ಉರು ಹೊಡೆದರೆ ಲೇಯ್ ಬೇಕಾದಾಗಲೆಲ್ಲ ಪಾರ್ಲೊ, ಪಾರ್ಲಿ ದಾಟಿಕೊಂಡು ಪಾರ್ಲಾಗೆ ಬರಬೇಕು. ಅಷ್ಟರಲ್ಲಿ ಕೌಂಟರ್‌ನವರು ಮುಂದಿನವರನ್ನು ಕರೆದಿರುತ್ತಾರೆ.

ನಾನು ಕೊನೆಗೆ ಕಲಿತದ್ದು ವಯಸ್ಕರಿಗೆ ಅಂತ ಸರಕಾರ ನಡೆಸುವ, ವಲಸಿಗರಿಗೂ ಇಟಾಲಿಯನ್ ಕಲಿಸುವ ಶಾಲೆಯ ಸಂಜೆ ಕ್ಲಾಸಿನಲ್ಲಿ. ‘ಚಿಪಿಯಾ’ ಅನ್ನುತ್ತಾರೆ, ಹೋದ ಕೂಡಲೇ ಹೆಸರು ಬರೆಸಿ. ಅಲ್ಲಿನ ಮೇಡಂ ಟೇಬಲ್ ಮುಟ್ಟುತ್ತಲೇ ಇರಲಿಲ್ಲ. ಒಂದು ಪುರುಷ, ‘ನಾವು’ ಅಂತಿಟ್ಟುಕೊಳ್ಳಿ, ಹಿಡಿದು ಎಲ್ಲ ಕಾಲ, ಮೂಡ್‌ಗಳಲ್ಲೂ ಅಡ್ಡಡ್ಡ ಓಡಿಸುತ್ತಿದ್ದರು: ಪರ್ಲ್ಯಾಮೊ, ಪರ್ಲಾವಮೊ, ಅಬ್ಬ್ಯಾಮೊ ಪರ್ಲಾತೊ, ಪರ್ಲೆರೇಮೊ, ಪರ್ಲೆರೆಮ್ಮೊ, ಸೆ ಪರ್ಲಾಸ್ಸಿಮೊ. ಜೋರಾಗಿ, ಒತ್ತು ಒತ್ತಿ. ಹೀಗೆ ಮಾಡಿದರೆ ಒಂದನ್ನೊಂದು ಹೋಲುವ ರೂಪಗಳು ಅಕ್ಕಪಕ್ಕ ಬಂದು ಸಿಕ್ಕಿಬೀಳುತ್ತವೆ. ಸ್ವರದ ಭಾರ ಎಲ್ಲಿ ಅಂತಲೂ ಆಗಲೇ ತಿಳಿಯುತ್ತೆ. ‘ಅವರು ಮಾತಾಡುತ್ತಾರೆ’ ಅನ್ನಲು ಪಾರ್ಲನೊ, ಪರ್ಲಾನೊ ಅಲ್ಲ. ನಮ್ಮವರು ಇದನ್ನು ತಪ್ಪದೇ ತಪ್ಪು ಹೇಳುತ್ತೇವೆ.

ಟ್ಯೂಟರ್ ಪ್ರತಿ ಸಲ ‘ಇಯೊ ಪಾರ್ಲೊ’ ಅಂತಲೇ ಹೇಳಿಸಿದರೆ ‘ಇಯೊ’ ಬಿಡಿ. ಕನ್ನಡದಲ್ಲಿ ‘ಬರ್ತೀನಿ’ ಅಂದರೆ ಸಾಕಲ್ಲ, ಹಾಗೇ ಅಲ್ಲೂ. ಇನ್ನು ರಸ್ತೆಯಲ್ಲಿ ‘ಸೆ ಲೊ ಸಪೇವೊ, ವೆನೀವೊ’ ಅನ್ನುವುದು ಕೇಳುತ್ತೀರಿ. ‘ಗೊತ್ತಿದ್ದಿದ್ದರೆ ಬರ್ತಿದ್ದೆ’ ಅಂತ. ನಮ್ಮ ‘ಬರ್ತಿದ್ದೆ’ಯ ಹಾಗೆ ಅವರೂ ಅಲ್ಲಿ ಇಂಪೆರ್ಫೆತ್ತೊ ಹಾಕಿಬಿಡುತ್ತಾರೆ. ಮಾತಿಗೆ ಅದು ನಡೆಯುತ್ತೆ, ನನಗಂತೂ ಬಲು ಇಷ್ಟ. ಪರೀಕ್ಷೆಯಲ್ಲಿ ಮತ್ತು ಓನರ್‌ಗೆ ಕಳಿಸುವ ಮೆಸೇಜಿನಲ್ಲಿ ಬೇಡ.

ಪಾಸ್ಸಾತೊ ರೆಮೋತೊ (ಎಂದೋ ಮುಗಿದುಹೋದದ್ದನ್ನು ಹೇಳುವ ಭೂತಕಾಲ) ಕೈಬಿಡಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಬಿಡಿ. ತೊರಿನೊದಲ್ಲಿ ಮಾತಿಗೆ ಯಾರೂ ಬಳಸಲ್ಲ. ಸಿಸಿಲಿಯವರು ಮಾತಿಗೂ ಬಳಸುತ್ತಾರೆ, ಅವರು ರೂಮ್‌ಮೇಟ್ ಆಗಿ ಸಿಕ್ಕಿದರೆ ಆಗ ನೋಡಿಕೊಳ್ಳಿ.