ತಲೆಕೆಳಗಾದ್ರೂ ಬೀಳಲ್ಲ ಯಾಕೆ?

ಪ್ರಶ್ನೆ: ಮಾಲ್ ಒಳಗೆ ಓಡೋ ರೋಲರ್ ಕೋಸ್ಟರ್‌ಗೆ ಇಂಜಿನ್ ಇರತ್ತಾ ಸರ್? ತಲೆಕೆಳಗಾದಾಗ ಹಳಿ ಬಿಟ್ಟು ಬೀಳಲ್ವಾ?

ಉತ್ತರ: ಎಷ್ಟೋ ಕೋಸ್ಟರ್‌ಗಳಲ್ಲಿ ಇಂಜಿನ್ ಇರಲ್ಲ, ಚೈನು ಮೇಲಕ್ಕೆ ಎಳ್ಕೊಂಡು ಹೋಗಿ ಬಿಡತ್ತೆ, ಅಲ್ಲಿಂದ ಮುಂದೆಲ್ಲ ಗುರುತ್ವಾಕರ್ಷಣೆ ಕೆಲಸ. ಹಳಿಯ ಮೇಲೊಂದು, ಪಕ್ಕದಲ್ಲೊಂದು, ಕೆಳಗೊಂದು ಹೀಗೆ ಮೂರು ಕಡೆಯಿಂದ ಚಕ್ರಗಳು ಹಳೀನ ಹಿಡ್ಕೊಂಡಿರ್ತವೆ, ಅದಕ್ಕೇ ಬೀಳಲ್ಲ. ಒಳಾಂಗಣದಲ್ಲಿ ಕಂಬ, ಗೋಡೆ ಹತ್ರಾನೇ ಹಾದುಹೋಗೋದ್ರಿಂದ ಇರೋದಕ್ಕಿಂತ ಜಾಸ್ತಿ ಸ್ಪೀಡ್ ಅನ್ಸತ್ತೆ, ನಂಗಂತೂ ಅದೇ ಇಷ್ಟ.

ಆದ್ರೆ ಚಕ್ರಗಳ ತಪಾಸಣೆ ತುಂಬಾ ಮುಖ್ಯ ಕಣ್ರೀ. ಕೆನಡಾದ ವೆಸ್ಟ್ ಎಡ್ಮಂಟನ್ ಮಾಲ್‌ನಲ್ಲಿ 1985ರಲ್ಲಿ ಶುರುವಾದ ಮೈಂಡ್‌ಬೆಂಡರ್ ಅನ್ನೋ ರೋಲರ್ ಕೋಸ್ಟರ್‌ನಲ್ಲಿ ಮರುವರ್ಷ ಜೂನ್‌ನಲ್ಲಿ ಕೊನೇ ಬೋಗಿಯ ಚಕ್ರದ ಜೋಡಣೆ ಕಳಚಿ 3 ಜನ ಪ್ರಾಣ ಕಳ್ಕೊಂಡ್ರು. ಸುಧಾರಣೆ ಮಾಡಿ ಮತ್ತೆ ಓಡಿಸಿದ್ರು, 2023ರಲ್ಲಿ ಪೂರ್ತಿ ನಿಲ್ಲಿಸಿದ್ರು.